ಕೆರಿಬಿಯನ್ ಅಂಗಡಿಯಲ್ಲಿ ನಮ್ಮ ಅಡುಗೆಗೆ ಏನೇನು ಸಿಗುತ್ತದೆ?

ಪ್ರಶ್ನೆ: ಮದುವೆಯಾಗಿ ದಾವಣಗೆರೆಯಿಂದ ಅಮೆರಿಕದ ಹಾರ್ಟ್‌ಫರ್ಡ್‌ಗೆ ಬಂದಿದ್ದೇನೆ. ನಾವು ಸಸ್ಯಾಹಾರಿಗಳು. ನನಗಿನ್ನೂ ಕಾರು ಓಡಿಸಲು ಬರುವುದಿಲ್ಲ. ಇಂಡಿಯನ್ ಅಂಗಡಿಗೆ ಹೋಗಬೇಕೆಂದರೆ ಯಜಮಾನರಿಗೆ ರಜೆ ಸಿಗುವವರೆಗೂ ಕಾಯಬೇಕು. ಮನೆಯ ಹತ್ತಿರವೇ ಲ್ಯಾಟಿನ್ ಮತ್ತು ಕೆರಿಬಿಯನ್ ಜನರ ದೊಡ್ಡ ದಿನಸಿ ಅಂಗಡಿ ಇದೆ. ಒಂದು ಸಲ ಒಳಗೆ ಹೋದೆ. ಗೊತ್ತಿಲ್ಲದ ಗೆಡ್ಡೆಗಳ ರಾಶಿ, ಸ್ಪ್ಯಾನಿಷ್ ಹೆಸರುಗಳು, ಒಣಮೀನಿನ ವಾಸನೆ. ಏನೂ ತೋಚದೆ ಹೊರಗೆ ಬಂದೆ. ನಮ್ಮ ಅಡುಗೆಗೆ ಆಗುವಂಥದ್ದು ಅಲ್ಲಿ ಸಿಗುತ್ತದಾ? ಏನು ನೋಡಿ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಉತ್ತರ: ಖಂಡಿತ ಸಿಗುತ್ತದೆ. ಒಗ್ಗರಣೆ ಡಬ್ಬಿಯ ಸಾಮಾನು ಮತ್ತು ಕೆಲವು ಬೇಳೆ ಬಿಟ್ಟರೆ ವಾರದ ಅಡುಗೆಯ ಬಹುಪಾಲು ಆ ಅಂಗಡಿಯಿಂದಲೇ ನಡೆಯುತ್ತದೆ. ತರಕಾರಿಯ ಕಡೆ ಧೈರ್ಯವಾಗಿ ಹೋಗಿ. ಡಬ್ಬ, ಪ್ಯಾಕೆಟ್, ಬೇಕರಿ ಕಡೆ ಮಾತ್ರ ಹುಷಾರಾಗಿರಿ. ಹೆಚ್ಚಿನ ಸಸ್ಯಾಹಾರಿಗಳು ಇದಕ್ಕೆ ಉಲ್ಟಾ ಮಾಡುತ್ತಾರೆ. ಗೊತ್ತಿಲ್ಲದ ಗೆಡ್ಡೆಗೆ ಹೆದರುತ್ತಾರೆ, ಅವರೆಕಾಳಿನ ಹಾಗೆ ಕಾಣುವ ಡಬ್ಬವನ್ನು ಸುಮ್ನೆ ಬುಟ್ಟಿಗೆ ಹಾಕುತ್ತಾರೆ. ತೊಂದರೆ ಇರುವುದು ಆ ಡಬ್ಬದಲ್ಲಿ.

ಮೊದಲು ನಿಮ್ಮ ಊರಿನ ಬಗ್ಗೆ ಎರಡು ಮಾತು. ಕನೆಕ್ಟಿಕಟ್ ನದಿಯ ಆಸುಪಾಸಿನಲ್ಲಿ ಹಿಂದೆ ತಂಬಾಕಿನ ಬೇಸಾಯ ಜೋರಾಗಿತ್ತು. 1940ರ ದಶಕದಲ್ಲಿ ಆ ಹೊಲಗಳಲ್ಲಿ ದುಡಿಯಲು ಜಮೈಕಾದಿಂದ ಜನ ಬಂದರು, ಪೋರ್ಟೊ ರಿಕೊದಿಂದಲೂ ಬಂದರು. ಅನೇಕರು ಅಲ್ಲೇ ನೆಲೆಯಾದರು. ಹಾಗಾಗಿ ಪಾರ್ಕ್ ಸ್ಟ್ರೀಟ್ ಕಡೆ ಪೋರ್ಟೊ ರಿಕೊ ಜನರ ಅಂಗಡಿಗಳು, ಆಲ್ಬನಿ ಅವೆನ್ಯೂ ಕಡೆ ಜಮೈಕಾ ಮತ್ತಿತರ ದ್ವೀಪದವರ ಅಂಗಡಿಗಳು. ಇದನ್ನು ಹೇಳುವುದಕ್ಕೆ ಕಾರಣವಿದೆ. ಒಂದೇ ತರಕಾರಿಗೆ ಪೋರ್ಟೊ ರಿಕೊದವರು ಒಂದು ಹೆಸರು ಬರೆದಿರುತ್ತಾರೆ, ಜಮೈಕಾದವರು ಇನ್ನೊಂದು. ಫಲಕ ನೋಡಿ ಗಾಬರಿಯಾಗಬೇಡಿ, ವಸ್ತುವನ್ನು ನೋಡಿ. ಓದುವಾಗ ಇನ್ನೊಂದು ವಿಷಯ: ಸ್ಪ್ಯಾನಿಷ್‌ನಲ್ಲಿ ಜೆ ಅಕ್ಷರವನ್ನು ‘ಹ’ ಅನ್ನುತ್ತಾರೆ, ಎರಡು ಎಲ್ ಒಟ್ಟಿಗೆ ಬಂದರೆ ‘ಯ’ ಅನ್ನುತ್ತಾರೆ. ಕೆಳಗೆ ನಾನು ಬರೆಯುವ ಹೆಸರುಗಳೆಲ್ಲ ಅವರು ಹೇಳುವ ಹಾಗೆ ಇವೆ.

ಬಾಳೆಯಿಂದ ಶುರು ಮಾಡೋಣ. ದಪ್ಪಗೆ, ಉದ್ದಕ್ಕೆ, ಕೋನಕೋನವಾಗಿರುವ ಹಸಿರು ಕಾಯಿ ಪ್ಲಾತನೊ. ನಮ್ಮ ನೇಂದ್ರ ಬಾಳೆಗೆ ಹತ್ತಿರದ್ದು. ಹಸಿರಿದ್ದಾಗ ಚಿಪ್ಸ್‌ಗೆ, ಬಜ್ಜಿಗೆ ತುಂಬಾ ಚೆನ್ನ. ಪಲ್ಯಕ್ಕೆ ನಮ್ಮ ಬಾಳೆಕಾಯಿಗಿಂತ ಗಟ್ಟಿ, ಬೇಯಲು ಜಾಸ್ತಿ ಹೊತ್ತು ಬೇಕು. ಪಲ್ಯಕ್ಕೇ ಬೇಕೆಂದರೆ ಪಕ್ಕದಲ್ಲಿ ‘ಗಿನೇಯೊ ವೆರ್ದೆ’ ಅಂತ ಇರುತ್ತದೆ ನೋಡಿ. ಅದು ಮಾಮೂಲಿ ಬಾಳೆಹಣ್ಣಿನ ಹಸಿ ಕಾಯಿ, ನಿಮ್ಮ ಕೈಗೆ ಒಗ್ಗಿದ್ದು. ಪ್ಲಾತನೊ ಸಿಪ್ಪೆ ಕೈಯಲ್ಲಿ ಬಿಡಿಸಲು ಬರುವುದಿಲ್ಲ. ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳು ಹಾಕಿ, ಉಪ್ಪು ಹಾಕಿದ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ, ಸಲೀಸಾಗಿ ಬರುತ್ತದೆ. ಸಿಪ್ಪೆ ಕಪ್ಪಾದ ಪ್ಲಾತನೊ ಕಂಡರೆ ಕೊಳೆತಿದೆ ಅಂದುಕೊಳ್ಳಬೇಡಿ. ಅದು ಸರಿಯಾಗಿ ಹಣ್ಣಾಗಿದೆ ಅಂತ ಅರ್ಥ. ಓರೆಯಾಗಿ ಹೆಚ್ಚಿ ತುಪ್ಪದಲ್ಲಿ ಕೆಂಪಗೆ ಹುರಿದು ತಿನ್ನಿ. ಅಲ್ಲಿಯವರು ಇದನ್ನು ಮದೂರೊ ಎಂದು ಕರೆದು ಅನ್ನದ ಜೊತೆ ತಿನ್ನುತ್ತಾರೆ.

ಮುಂದೆ ಗೆಡ್ಡೆಗಳು. ಉದ್ದಕ್ಕೆ, ಕಂದು ಬಣ್ಣಕ್ಕೆ, ಮರದ ತೊಗಟೆಯಂಥ ಸಿಪ್ಪೆ ಇರುವುದು ಯೂಕ, ಅಂದರೆ ಮರಗೆಣಸು. ಮುಟ್ಟಿದರೆ ಮೇಣ ಮೇಣ ಅನ್ನಿಸುತ್ತದೆ. ಅದು ಮೇಣವೇ. ಮರಗೆಣಸು ಕಿತ್ತ ಎರಡು ಮೂರು ದಿನಕ್ಕೇ ಕೆಡಲು ಶುರುವಾಗುವುದರಿಂದ ಮೇಣ ಸವರಿ ಕಳಿಸುತ್ತಾರೆ. ಕೆಟ್ಟಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದು ಕಷ್ಟ. ಅಂಗಡಿಯವರಿಗೆ ತುದಿ ಮುರಿದು ತೋರಿಸಿ ಅನ್ನಿ, ಎಷ್ಟೋ ಕಡೆ ಬೇಸರವಿಲ್ಲದೆ ತೋರಿಸುತ್ತಾರೆ. ಒಳಗೆ ಹಾಲಿನಷ್ಟು ಬೆಳ್ಳಗಿದ್ದರೆ ತಗೊಳ್ಳಿ. ಕಪ್ಪು, ನೀಲಿ ಗೆರೆ ಕಂಡರೆ ಬಿಡಿ. ಮನೆಯಲ್ಲಿ ಸಿಪ್ಪೆಯನ್ನು ದಪ್ಪಗೆ ತೆಗೆದು, ನಡುವಿನ ನಾರು ಕಿತ್ತು, ಚೆನ್ನಾಗಿ ಬೇಯಿಸಿ ನೀರು ಚೆಲ್ಲಿ. ಹಸಿಯಾಗಿ ಮಾತ್ರ ತಿನ್ನಲೇಬಾರದು, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಇಷ್ಟೆಲ್ಲ ತಾಪತ್ರಯ ಬೇಡ ಅನ್ನಿಸಿದರೆ ಫ್ರೀಜರ್‌ನಲ್ಲಿ ಸಿಪ್ಪೆ ತೆಗೆದ ಯೂಕ ಪ್ಯಾಕೆಟ್ ಸಿಗುತ್ತದೆ. ನನ್ನ ಮಟ್ಟಿಗೆ ಮೇಣ ಹಚ್ಚಿದ್ದಕ್ಕಿಂತ ಅದೇ ವಾಸಿ.

ಕೆಸವಿನ ಗೆಡ್ಡೆ ಬೇಕೆಂದರೆ ‘ಎಡೊ’ ಎಂಬ ಹೆಸರಿನ ಚಿಕ್ಕ ಚಿಕ್ಕ ಗೆಡ್ಡೆ ಹುಡುಕಿ. ಅದೇ ನಮ್ಮದು. ಪಕ್ಕದಲ್ಲೇ ಯವುತೀಯ, ಮಲಂಗ, ಡಶೀನ್ ಅಂತ ದೊಡ್ಡ ಗೆಡ್ಡೆಗಳಿರುತ್ತವೆ. ಈ ಹೆಸರುಗಳು ದ್ವೀಪದಿಂದ ದ್ವೀಪಕ್ಕೆ ಅದಲುಬದಲಾಗುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ಎಲ್ಲವೂ ಕೆಸುವಿನ ಬಳಗದವೇ. ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಪೂರ್ತಿ ಬೇಯಿಸಿ, ಹುಳಿ ಚೆನ್ನಾಗಿ ಹಾಕಿ. ಬತಾತ ಅಥವಾ ಬೊನಿಯಾತೊ ಅಂತ ಬಿಳಿ ತಿರುಳಿನ ಗೆಣಸು ಸಿಗುತ್ತದೆ. ಅಮೆರಿಕದ ಮಾಮೂಲಿ ಅಂಗಡಿಯ ಕಿತ್ತಳೆ ಬಣ್ಣದ ಗೆಣಸು ಬೇಯಿಸಿದರೆ ಮೆತ್ತಗಾಗಿ ನೀರು ನೀರಾಗುತ್ತದೆ, ಅಲ್ವಾ? ಇದು ಹಿಟ್ಟುಹಿಟ್ಟಾಗಿ, ಊರಿನ ಗೆಣಸಿನ ಹಾಗೇ ಇರುತ್ತದೆ. ಸಿಹಿಗುಂಬಳದಂತೆ ಹೋಳು ಮಾಡಿ ಇಟ್ಟಿರುವುದು ಕಲಬಾಸ, ಹುಳಿಗೆ ಕಣ್ಣು ಮುಚ್ಚಿ ತಗೊಳ್ಳಿ. ಸೀಮೆಬದನೆಕಾಯಿ ಅಂತೂ ಆ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಚಯೋತೆ, ತಯೋತ, ಚೋಚೊ, ಕ್ರಿಸ್ಟೊಫೀನ್, ಹೆಸರು ಯಾವುದಿದ್ದರೂ ಕಾಯಿ ಒಂದೇ. ಅದರ ತವರೇ ಮೆಕ್ಸಿಕೊ ಕಡೆ.

ಕರಾವಳಿಯ ಗೆಳತಿಯರು ಯಾರಾದರೂ ಹತ್ತಿರದಲ್ಲಿದ್ದರೆ ಅವರಿಗೆ ಒಂದು ಸುದ್ದಿ ಮುಟ್ಟಿಸಿ. ಜಮೈಕಾದವರ ಅಂಗಡಿಯಲ್ಲಿ ಬ್ರೆಡ್‌ಫ್ರೂಟ್, ಪೋರ್ಟೊ ರಿಕೊದವರ ಅಂಗಡಿಯಲ್ಲಿ ಪಾನ ಅನ್ನುವುದು ಜೀಗುಜ್ಜೆ. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ವಿಲಿಯಂ ಬ್ಲೈ 1793ರಲ್ಲಿ ತಾಹಿತಿಯಿಂದ ಅದರ ಗಿಡಗಳನ್ನು ಹಡಗಿನಲ್ಲಿ ತುಂಬಿಕೊಂಡು ಹೋಗಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾದಲ್ಲಿ ಇಳಿಸಿದ. ತೋಟಗಳಲ್ಲಿ ದುಡಿಸುತ್ತಿದ್ದ ಗುಲಾಮರಿಗೆ ಅಗ್ಗದ ಊಟವಾಗಲಿ ಅನ್ನುವುದು ಉದ್ದೇಶ. ಈಗ ಅದು ಅಲ್ಲಿಯ ಜನ ಪ್ರೀತಿಯಿಂದ ತಿನ್ನುವ ಕಾಯಿ. ಗಟ್ಟಿಯಾಗಿ, ಪೂರ್ತಿ ಹಸಿರಾಗಿರುವುದನ್ನು ಆರಿಸಿದರೆ ಪೋಡಿ ಸೊಗಸಾಗಿ ಬರುತ್ತದೆ.

ಸೊಪ್ಪಿನಲ್ಲಿ ಎರಡು ಮುಖ್ಯ. ಮೊದಲನೆಯದು ಕಲಲೂ. ಜಮೈಕಾದವರು ಕಲಲೂ ಅಂದರೆ ದಂಟಿನ ಜಾತಿಯ ಸೊಪ್ಪು, ನಿಮ್ಮ ಕಡೆಯ ಕಿರಕಸಾಲಿ ಅನ್ನಿ. ಬೇಸಿಗೆಯಲ್ಲಿ ತಾಜಾ ಬರುತ್ತದೆ, ಉಳಿದ ಕಾಲದಲ್ಲಿ ಡಬ್ಬದಲ್ಲಿ. ಡಬ್ಬದ್ದು ಉಪ್ಪುಪ್ಪು, ತೊಳೆದು ಹಾಕಿ. ಆದರೆ ಟ್ರಿನಿಡಾಡ್‌ನವರು ಕಲಲೂ ಅಂದರೆ ಅದು ಕೆಸುವಿನ ಎಲೆಯ ಅಡುಗೆ. ಆ ಎಲೆ ಸಿಕ್ಕರೆ ಪತ್ರೊಡೆಯನ್ನೇ ಮಾಡಬಹುದು. ಎರಡನೆಯದು ಕುಲಾಂತ್ರೊ, ಪೋರ್ಟೊ ರಿಕೊದವರಿಗೆ ರೆಕಾವೊ. ಉದ್ದ ಎಲೆ, ಅಂಚಿನಲ್ಲಿ ಗರಗಸದ ಹಲ್ಲು. ಕೊತ್ತಂಬರಿಯ ವಾಸನೆಯೇ, ಆದರೆ ಅದಕ್ಕಿಂತ ತುಂಬಾ ಜೋರು. ಕೊತ್ತಂಬರಿಯ ಅರ್ಧದಷ್ಟು ಹಾಕಿದರೆ ಸಾಕು. ಕುದಿಸಿದರೂ ಘಮ ಹೋಗುವುದಿಲ್ಲ, ಹಾಗಾಗಿ ಸಾರಿಗೆ, ವಾಂಗೀಬಾತ್‌ಗೆ ಇದು ನನಗೆ ತುಂಬಾ ಇಷ್ಟ.

ಮೆಣಸಿನಕಾಯಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಚಿಕ್ಕದಾಗಿ, ಸುಕ್ಕುಸುಕ್ಕಾಗಿ, ಹಸಿರು, ಹಳದಿ, ಕಿತ್ತಳೆ ಬಣ್ಣದಲ್ಲಿ ಮುದ್ದಾಗಿ ಕಾಣುವ ಕಾಯಿಗಳಿರುತ್ತವೆ. ಅವುಗಳಲ್ಲಿ ಅಹೀ ದುಲ್ಸೆ ಒಂದು. ಖಾರವೇ ಇಲ್ಲ, ಬರೀ ಪರಿಮಳ. ಪಕ್ಕದ ಬುಟ್ಟಿಯಲ್ಲಿ ಹೆಚ್ಚುಕಡಿಮೆ ಅದೇ ಆಕಾರದ ಸ್ಕಾಚ್ ಬಾನೆಟ್ ಮತ್ತು ಹಬನೇರೊ. ಇವು ಖಾರವನ್ನು ಅಳೆಯುವ ಸ್ಕೊವಿಲ್ ಅಳತೆಯಲ್ಲಿ 1 ಲಕ್ಷದಿಂದ 3.5 ಲಕ್ಷದವರೆಗೆ ಹೋಗುತ್ತವೆ. ಜನ ಆರಿಸುವಾಗ ಒಂದು ಬುಟ್ಟಿಯದು ಇನ್ನೊಂದಕ್ಕೆ ಬೀಳುವುದೂ ಉಂಟು. ಮನೆಯಲ್ಲಿ ಮಕ್ಕಳಿದ್ದರೆ ಪ್ರತಿ ಕಾಯಿಯನ್ನೂ ಕತ್ತರಿಸಿ ತುದಿಯನ್ನು ನಾಲಿಗೆಗೆ ಸೋಕಿಸಿ ನೋಡಿದ ಮೇಲೆಯೇ ಹಾಕಿ. ದಿನನಿತ್ಯದ ಹಸಿಮೆಣಸಿನಕಾಯಿಗೆ ಸೆರಾನೊ ಸಾಕು. ಹಲಪೇನ್ಯೊ ದಪ್ಪ ಚರ್ಮದ್ದು, ಮೆಣಸಿನಕಾಯಿ ಬಜ್ಜಿಗೆ ಆಗುತ್ತದೆ.

ಒಣಮೆಣಸಿನಕಾಯಿಗೆ ಮೆಕ್ಸಿಕೊದ ಕಪಾಟು ನೋಡಿ. ಬ್ಯಾಡಗಿಯ ಜಾಗಕ್ಕೆ ಗ್ವಾಹಿಯೊ ತಗೊಳ್ಳಿ. ಕಡುಗೆಂಪು, ನಯವಾದ ಸಿಪ್ಪೆ, ಕಡಿಮೆ ಖಾರ. ಬ್ಯಾಡಗಿಯ ಪರಿಮಳ ಇದಕ್ಕಿಲ್ಲ, ಸಣ್ಣಗೆ ಹುಳಿ ಛಾಯೆ ಇದೆ. ಆದರೆ ಸಾರಿನಪುಡಿಗೆ ಬಣ್ಣ ಕೊಡುವುದರಲ್ಲಿ ಹಿಂದೆ ಬೀಳುವುದಿಲ್ಲ. ಖಾರಕ್ಕೆ ಅದರ ಜೊತೆ ಸಣ್ಣ, ಕೆಂಪು ಆರ್ಬೊಲ್ ಮೆಣಸಿನಕಾಯಿ ಸ್ವಲ್ಪ ಸೇರಿಸಿ. ಆಂಚೊ, ಪಸೀಯಾ ಅನ್ನುವ ಕಪ್ಪು ಬಣ್ಣದವು ಬೇಡ, ಒಣದ್ರಾಕ್ಷಿಯ ರುಚಿ ಬರುತ್ತದೆ. ಅದೇ ಸಾಲಿನಲ್ಲಿ ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳು ನೇತಾಡುತ್ತಿರುತ್ತವೆ. ಜೀರಿಗೆ ಅಲ್ಲಿ ಕೊಮೀನೊ, ಲವಂಗ ಕ್ಲಾವೊ, ಚಕ್ಕೆ ಕನೇಲ. ದೊಡ್ಡ ಸೂಪರ್‌ಮಾರ್ಕೆಟ್‌ನ ಗಾಜಿನ ಸೀಸೆಗಳಿಗಿಂತ ಇವು ಬಹಳ ಅಗ್ಗ.

ಇನ್ನು ಕಾಳುಗಳು. ಗಂಡೂಲೆಸ್ ಅನ್ನುವುದು ನಮ್ಮ ತೊಗರಿ, ಹಸಿ ಕಾಳು! ಜಮೈಕಾದವರು ಗುಂಗೋ ಪೀಸ್ ಅನ್ನುತ್ತಾರೆ. ಭಾರತದ ಬೆಳೆ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲಿ ಕೆರಿಬಿಯನ್ ದ್ವೀಪಗಳನ್ನು ಸೇರಿತು. ಗಂಡೂಲೆಸ್ ಹಾಕಿ ಮಾಡಿದ ಅನ್ನವಿಲ್ಲದೆ ಪೋರ್ಟೊ ರಿಕೊದವರ ಕ್ರಿಸ್‌ಮಸ್ ಊಟ ಇಲ್ಲ. ಫ್ರೀಜರ್‌ನಲ್ಲಿ ಇರುವುದು ಡಬ್ಬದ್ದಕ್ಕಿಂತ ಚೆನ್ನ. ಚಳಿಗಾಲದಲ್ಲಿ ಊರಲ್ಲಿ ಹಸಿ ತೊಗರಿಕಾಯಿ ಬಿಡಿಸಿ ಮಾಡುವ ಸಾರು, ಉಪ್ಪಿಟ್ಟು ಎಲ್ಲ ಇದರಲ್ಲಿ ಆಗುತ್ತದೆ. ಅಲಸಂದೆ ಕಾಳು, ಕಡಲೆಕಾಳು ಒಣಗಿದ್ದೇ ಸಿಗುತ್ತವೆ. ಒಂದು ಎಚ್ಚರಿಕೆ: ಹಳದಿ ‘ಸ್ಪ್ಲಿಟ್ ಪೀಸ್’ ನೋಡಿ ಕಡಲೆಬೇಳೆ ಅಂದುಕೊಳ್ಳಬೇಡಿ. ಅದು ಬಟಾಣಿ ಬೇಳೆ. ಸಾರಿಗೆ ನಡೆಯುತ್ತದೆ, ಹೋಳಿಗೆಗೆ ಆ ರುಚಿ ಬರುವುದಿಲ್ಲ.

ಅಲ್ಲಿಯ ಬಟಾಣಿ ಬೇಳೆಯ ಅಡುಗೆಗೂ ನಮ್ಮವರಿಗೂ ನಂಟಿದೆ. 1838ರಲ್ಲಿ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡ್ ಮತ್ತು ಜಮೈಕಾಕ್ಕೆ ಕಬ್ಬಿನ ತೋಟದ ಕರಾರು ಕೂಲಿಗಳಾಗಿ ಭಾರತೀಯರನ್ನು ಹಡಗಿನಲ್ಲಿ ಒಯ್ದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದ್ರಾಸಿನ ಬಂದರಿನಿಂದ ಹೋದವರೂ ಇದ್ದರು. ಅವರ ಮೊಮ್ಮಕ್ಕಳ ಮಕ್ಕಳು ಇಂದಿಗೂ ಬಟಾಣಿ ಬೇಳೆ ತುಂಬಿದ ದಾಲ್‌ಪುರಿ ರೊಟ್ಟಿ ಮಾಡುತ್ತಾರೆ, ಹುರಿದ ಜೀರಿಗೆ ಪುಡಿಯನ್ನು ಗೀರಾ ಅನ್ನುತ್ತಾರೆ. ನಿಮ್ಮ ಅಂಗಡಿಯಲ್ಲಿ ಟ್ರಿನಿಡಾಡ್, ಗಯಾನಾ ಸಾಮಾನಿನ ಕಪಾಟು ಇದ್ದರೆ ತಪ್ಪದೆ ನೋಡಿ. ಬೋಡಿ ಅಂದರೆ ಉದ್ದದ ಅಲಸಂದೆಕಾಯಿ, ಕರೈಲಿ ಅಂದರೆ ಹಾಗಲಕಾಯಿ, ಸೀಮ್ ಅಂದರೆ ಚಪ್ಪರದವರೆ, ಸೈಜನ್ ಅಂದರೆ ನುಗ್ಗೆ. ಕುಚೇಲಾ ಅನ್ನುವ ಮಾವಿನ ತುರಿಯ ಉಪ್ಪಿನಕಾಯಿ ಮೊಸರನ್ನಕ್ಕೆ ಬಹಳ ಹೊಂದುತ್ತದೆ. ನ್ಯೂಯಾರ್ಕ್‌ಗೆ ಹೋಗುವ ಅವಕಾಶ ಬಂದರೆ ಕ್ವೀನ್ಸ್‌ನ ರಿಚ್ಮಂಡ್ ಹಿಲ್‌ನಲ್ಲಿರುವ ಲಿಬರ್ಟಿ ಅವೆನ್ಯೂಗೆ ಒಂದು ಚೀಲ ಹಿಡಿದುಕೊಂಡು ಹೋಗಿ. ಅಲ್ಲಿ ಇಂಥ ಅಂಗಡಿಗಳು ಸಾಲು ಸಾಲಾಗಿವೆ.

ಬೆಲ್ಲ ಸಿಗುವುದಿಲ್ಲ ಅಂತ ಬೇಸರ ಬೇಡ. ಮೆಕ್ಸಿಕೊದ ಪಿಲೊನ್ಸಿಯೊ, ಕೊಲಂಬಿಯಾದ ಪನೇಲ, ಎರಡೂ ಕಬ್ಬಿನ ಹಾಲು ಕುದಿಸಿ ಅಚ್ಚಿಗೆ ಹೊಯ್ದ ಬೆಲ್ಲವೇ. ಪಾಯಸಕ್ಕೆ, ಹೋಳಿಗೆಗೆ, ಸಾರಿಗೆ ಚಿಟಿಕೆ ಹಾಕಲು ಯಾವ ಅನುಮಾನವೂ ಬೇಡ. ತುಂಬಾ ಗಟ್ಟಿ ಇರುತ್ತದೆ, ಸ್ವಲ್ಪ ನೀರು ಹಾಕಿ ಕರಗಿಸಿ ಸೋಸಿಕೊಳ್ಳಿ. ಪನೇಲ ಅನ್ನುವ ಹೆಸರಿನಲ್ಲಿ ಮೆಕ್ಸಿಕೊದ ಒಂದು ಚೀಸ್ ಕೂಡ ಇದೆ, ಅದು ಫ್ರಿಜ್‌ನಲ್ಲಿರುತ್ತದೆ. ಹುಣಸೆಹಣ್ಣು ತಮರಿಂದೊ ಹೆಸರಿನಲ್ಲಿ ಓಡಿನ ಸಮೇತ ಸಿಗುತ್ತದೆ, ಬಿಡಿಸಿದ್ದೂ ಸಿಗುತ್ತದೆ. ಸಕ್ಕರೆ ಬೆರೆಸಿದ ಮಿಠಾಯಿ, ಷರಬತ್ತಿನ ಬಾಟಲಿ ಬೇಡ. ನಿಂಬೆಹಣ್ಣಿಗೆ ದೊಡ್ಡ ಹಸಿರು ಲೈಮ್ ಬಿಟ್ಟು, ಬಲೆ ಚೀಲದಲ್ಲಿ ಬರುವ ಪುಟಾಣಿ ‘ಕೀ ಲೈಮ್’ ತಗೊಳ್ಳಿ. ಚಿತ್ರಾನ್ನಕ್ಕೆ ಬೇಕಾದ ತೆಳು ಸಿಪ್ಪೆಯ ನಿಂಬೆ ಅದೇ.

ತೆಂಗಿನಲ್ಲಿ ಎಡವುವವರು ಜಾಸ್ತಿ. ‘ಲೆಚೆ ದೆ ಕೊಕೊ’ ತೆಂಗಿನ ಹಾಲು, ಅದು ಸರಿ. ‘ಕ್ರೆಮ ದೆ ಕೊಕೊ’ ಅಂದರೆ ಸಕ್ಕರೆ ಸುರಿದ ದಪ್ಪ ಪಾಕ, ತಂಪು ಪಾನೀಯಕ್ಕೆ ಬಳಸುವುದು. ಕೂಟಿಗೆ ಹಾಕಿದರೆ ಕೂಟು ಹಾಳು. ತುರಿ ಬೇಕಾದರೆ ಫ್ರೀಜರ್‌ನದ್ದು ತಗೊಂಡು ಸಕ್ಕರೆ ಇದೆಯೇ ಅಂತ ನೋಡಿ. ಇಡೀ ಕಾಯಿ ತಗೊಂಡರೆ ಕೈಯಲ್ಲಿ ಭಾರ ಇರಬೇಕು, ಅಲ್ಲಾಡಿಸಿದರೆ ನೀರಿನ ಸದ್ದು ಬರಬೇಕು, ಕಣ್ಣುಗಳು ಒಣಗಿರಬೇಕು. ಬಾಳೆ ಎಲೆ ಕೂಡ ಫ್ರೀಜರ್‌ನಲ್ಲೇ ಇರುತ್ತದೆ. ಪೋರ್ಟೊ ರಿಕೊದವರಿಗೆ ಪಾಸ್ತೇಲೆಸ್ ಎಂಬ ಕಡುಬಿನಂಥ ತಿನಿಸು ಕಟ್ಟಲು ಬೇಕೇ ಬೇಕು. ಪೂರ್ತಿ ಕರಗಿದ ಮೇಲೆ ಒರೆಸಿ, ಒಲೆಯ ಮೇಲೆ ಸ್ವಲ್ಪ ಬಾಡಿಸಿದರೆ ಹರಿಯುವುದಿಲ್ಲ.

ರೊಟ್ಟಿ. ದಾವಣಗೆರೆಯವರು ನೀವು, ಕೇಳದೇ ಇದ್ದರೂ ಹೇಳುತ್ತೇನೆ. ಬಿಳಿಜೋಳದ ಹಿಟ್ಟು ಅಲ್ಲಿ ಸಿಗುವುದು ಕಷ್ಟ. ಮಾಸಾ ಅರೀನಾ ಅನ್ನುವುದು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಬೀಸಿ ಒಣಗಿಸಿದ ಹಿಟ್ಟು. ಬಿಸಿನೀರು ಹಾಕಿ ನಾದಿ ಬಡಿದರೆ ಒಡೆಯದೆ ಬರುತ್ತದೆ. ವಾಸನೆ ಬೇರೆ, ಆದರೆ ಎಣ್ಣೆಗಾಯಿ ಜೊತೆ ಚೆನ್ನಾಗಿ ಹೊಂದುತ್ತದೆ. ವೆನೆಜುವೆಲಾದವರ ‘ಅರೀನಾ ಪಾನ್’ ಮೊದಲೇ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, ಸುಣ್ಣವಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ತಟ್ಟುವ ದಪ್ಪ ರೊಟ್ಟಿಗೆ ಇದು ಚೆನ್ನ. ಮೈಸೇನಾ ಡಬ್ಬ ಮಾತ್ರ ಬೇಡ. ಅದು ಊರಲ್ಲಿ ನಾವು ಕಾರ್ನ್‌ಫ್ಲೋರ್ ಅನ್ನುವ ಬಿಳಿ ಪಿಷ್ಟ.

ಈಗ ಹುಷಾರಾಗಿರಬೇಕಾದ ಜಾಗ. ಕಲಿಯಬೇಕಾದ ಮೊದಲ ಸ್ಪ್ಯಾನಿಷ್ ಪದ ಮಂತೇಕ, ಅಂದರೆ ಹಂದಿ ಕೊಬ್ಬು. ‘ಮಂತೇಕ ವೆಹೆತಾಲ್’ ಅಂದರೆ ವನಸ್ಪತಿ, ಅದು ಸರಿ. ಮಸೆದ ಬೀನ್ಸ್ ಡಬ್ಬದಲ್ಲಿ, ಚಪಾತಿಯಂಥ ಗೋಧಿಯ ತೊರ್ತೀಯಾದಲ್ಲಿ, ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥ ತಮಾಲೆಯಲ್ಲಿ, ಕ್ಯೂಬಾ ಬ್ರೆಡ್‌ನಲ್ಲಿ, ಕರಿಯಲು ಸಿದ್ಧಮಾಡಿದ ಹಿಟ್ಟಿನ ಹಾಳೆಗಳಲ್ಲಿ ಈ ಕೊಬ್ಬು ಇರಬಹುದು. ಮೆಕ್ಕೆಜೋಳದ ತೊರ್ತೀಯಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಮೋನ್ (ಇಂಗ್ಲಿಷ್‌ನಲ್ಲಿ ಹ್ಯಾಮ್) ಮತ್ತು ತೊಸೀನೊ ಹಂದಿ ಮಾಂಸ, ಪೊಯೊ ಕೋಳಿ, ರೆಸ್ ದನ. ಮಸಾಲೆ ಪೊಟ್ಟಣಗಳಲ್ಲೂ ಕೋಳಿ ಅಥವಾ ಹ್ಯಾಮ್ ರುಚಿಯವು ಇರುತ್ತವೆ. ಒಳ್ಳೆಯ ವಿಷಯ ಅಂದರೆ ಅಮೆರಿಕದ ಕಾನೂನಿನ ಪ್ರಕಾರ ಪ್ಯಾಕೆಟ್ ಮೇಲೆ ಪದಾರ್ಥಗಳ ಪಟ್ಟಿ ಇಂಗ್ಲಿಷ್‌ನಲ್ಲೂ ಇರಬೇಕು. ತಿರುಗಿಸಿ ಓದಿ. ಬೇಕರಿಯ ಗಾಜಿನ ಹಿಂದೆ ಬಿಡಿಯಾಗಿ ಇಟ್ಟ ತಿನಿಸಿಗೆ ಆ ಪಟ್ಟಿ ಕಾಣುವುದಿಲ್ಲ. ‘ತಿಯೆನೆ ಮಂತೇಕ?’ ಅಂತ ಕೇಳಿ. ಕೊಬ್ಬು ಹಾಕಿದ್ದೀರಾ ಅಂತ ಅರ್ಥ. ಯಾರೂ ತಪ್ಪು ತಿಳಿಯುವುದಿಲ್ಲ.

ಪನೀರ್‌ಗೆ ಬದಲು ‘ಕೇಸೊ ಪಾರ ಫ್ರೆಯಿರ್’ ಆಗುತ್ತದೆ. ಹುರಿದರೆ ಕರಗುವುದಿಲ್ಲ. ಉಪ್ಪು ಜಾಸ್ತಿ, ಕಾಲು ಗಂಟೆ ನೀರಿನಲ್ಲಿ ನೆನೆಸಿ. ಚೀಸ್ ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು. ‘ಮೈಕ್ರೋಬಿಯಲ್’ ಅಥವಾ ‘ವೆಜಿಟೇರಿಯನ್’ ಎಂದು ಬರೆದಿದ್ದರೆ ಮಾತ್ರ ತಗೊಳ್ಳಿ. ಕೌಂಟರ್‌ನಲ್ಲಿ ಹೆಚ್ಚಿಸಿಕೊಳ್ಳಬೇಡಿ, ಹ್ಯಾಮ್ ಹೆಚ್ಚುವ ಬ್ಲೇಡೇ ಅದಕ್ಕೂ ಇರಬಹುದು. ಗರ್ಭಿಣಿಯರು ಕೇಸೊ ಫ್ರೆಸ್ಕೊದಂಥ ಮೆತ್ತನೆ ಚೀಸನ್ನು ಬಿಸಿ ಮಾಡದೆ ತಿನ್ನಬಾರದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಅದರಿಂದ ಬಂದ ಉದಾಹರಣೆಗಳಿವೆ.

ಒಣಮೀನಿನ ವಾಸನೆಯ ಮಾತು ಬರೆದಿದ್ದಿರಿ. ಅದು ಬಕಲಾವೊ, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಅಭ್ಯಾಸವಿಲ್ಲದವರಿಗೆ ಕಷ್ಟವೇ. ಎಲ್ಲಿ ಇಡುತ್ತಾರೆ ಅಂತ ಒಮ್ಮೆ ನೋಡಿಕೊಂಡರೆ ಮುಂದಿನ ಸಲ ಆ ಸಾಲು ತಪ್ಪಿಸಿ ಹೋಗಬಹುದು. ವಾರದ ದಿನ ಬೆಳಿಗ್ಗೆ ಹೋಗಿ. ಜನ ಕಡಿಮೆ, ಕೆಲಸದವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಗೆಡ್ಡೆ ಹಿಡಿದು ನಿಂತರೆ ಪಕ್ಕದ ಅಜ್ಜಿಯರೇ ಹೇಗೆ ಮಾಡಬೇಕು ಅಂತ ಕೈಸನ್ನೆಯಲ್ಲಿ ಹೇಳಿಕೊಡುತ್ತಾರೆ. ಅವರ ಮಾತು ಕೇಳಿ, ಚೆನ್ನಾಗಿ ಆರಿಸಲು ಅವರಿಗೆ ಗೊತ್ತು.

ಮಾರ್ಚ್‌ನಿಂದ ಜುಲೈವರೆಗೆ ಅತಾವುಲ್ಫೊ ಮಾವು ಬರುತ್ತದೆ, ಚಿಕ್ಕದು, ಹಳದಿ, ನಾರಿಲ್ಲ. ಸಿಪ್ಪೆ ಸುಕ್ಕು ಬಿದ್ದಾಗ ತಿನ್ನಿ. ಸೀಕರಣೆಗೆ ಅದನ್ನು ಮೀರಿದ್ದು ಅಲ್ಲಿಲ್ಲ. ಸೀಬೆ, ಸಪೋಟ, ಸೀತಾಫಲದ ಬಳಗದ ಹಣ್ಣುಗಳ ತಿರುಳು ಫ್ರೀಜರ್‌ನಲ್ಲಿ ಸಿಗುತ್ತದೆ. ಗ್ವಾಯಾಬ ಅಂದರೆ ಸೀಬೆ, ನಿಸ್ಪೆರೊ ಅಂದರೆ ಸಪೋಟ.

ಯಜಮಾನರಿಗೆ ರಜೆ ಸಿಕ್ಕಾಗ ಇಂಡಿಯನ್ ಅಂಗಡಿಯಿಂದ ತರಬೇಕಾದ್ದು ಇಷ್ಟೇ: ಸಾಸಿವೆ, ಇಂಗು, ಮೆಂತ್ಯ, ಕರಿಬೇವು, ತೊಗರಿಬೇಳೆ, ಉದ್ದಿನಬೇಳೆ, ಕಡಲೆಬೇಳೆ, ರಾಗಿಹಿಟ್ಟು, ಜೋಳದ ಹಿಟ್ಟು. ಎರಡು ಮೂರು ತಿಂಗಳಿಗೆ ಒಟ್ಟಿಗೆ ತನ್ನಿ. ಕರಿಬೇವನ್ನು ತೊಳೆದು, ನೀರಿನ ಪಸೆ ಇಲ್ಲದಂತೆ ಬಟ್ಟೆಯ ಮೇಲೆ ಆರಿಸಿ, ಎಸಳು ಬಿಡಿಸಿ ಡಬ್ಬಿಗೆ ತುಂಬಿ ಫ್ರೀಜರ್‌ನಲ್ಲಿಡಿ. ಒಗ್ಗರಣೆಗೆ ಹಾಕುವಾಗ ಕರಗಿಸಬೇಡಿ, ಹಾಗೇ ಹಾಕಿ.